ಗಡಿ ತಾಲೂಕಿನಲ್ಲಿ ಸೊಂಟದ ಪಿಸ್ತೂಲು

2025ರ ಜನವರಿ 16ರಂದು ಬೀದರಿನಲ್ಲಿ, ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಎದುರಿಗೇ, ಬೈಕಿನಲ್ಲಿ ಬಂದ ಇಬ್ಬರು ಎಟಿಎಂಗೆ ಹಣ ತುಂಬುವ ಸಿಬ್ಬಂದಿಯ ಮೇಲೆ ಹಾಡಹಗಲೇ ಗುಂಡು ಹಾರಿಸಿ ಹಣದ ಪೆಟ್ಟಿಗೆ ಹೊತ್ತುಕೊಂಡು ಹೋದರು. ಒಬ್ಬ ನೌಕರ ಪ್ರಾಣ ಬಿಟ್ಟ, ಇನ್ನೊಬ್ಬ ತೀವ್ರವಾಗಿ ಗಾಯಗೊಂಡ. ಅದೇ ದಿನ ಹೈದರಾಬಾದಿನ ಅಫ್ಜಲ್‌ಗಂಜಿನಲ್ಲಿ ಟ್ರಾವೆಲ್ಸ್ ಕಚೇರಿಯ ನೌಕರನೊಬ್ಬನ ಮೇಲೂ ಗುಂಡು ಹಾರಿತು. ಬೀದರಿಗೂ ಜಹೀರಾಬಾದಿಗೂ ಸುಮಾರು 30 ಕಿಲೋಮೀಟರ್ ಅಷ್ಟೇ. ಇಂಥ ಸುದ್ದಿ ಬಂದಾಗ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಪೇಟೆಗಳಲ್ಲಿ ರೊಕ್ಕ ಹಿಡಿದು ಓಡಾಡಬೇಕಾದ ತೊಗರಿ ವ್ಯಾಪಾರಿ, ಚಿನ್ನಬೆಳ್ಳಿ ಅಂಗಡಿಯವ, ಕಲ್ಲುಗಣಿಯ ಮಾಲೀಕ, ಜಮೀನಿನ ವ್ಯವಹಾರದವ ತನ್ನ ಬಳಿಯೂ ಸಣ್ಣದೊಂದು ಪಿಸ್ತೂಲು ಇರಬೇಕಿತ್ತು ಎಂದು ಯೋಚಿಸುವುದು ಸಹಜ. ಆ ಯೋಚನೆಯನ್ನು ಬೆದರಿದವರ ಮಾತೆಂದು ತಳ್ಳಿಹಾಕಬಾರದು. ಅದರ ಹಿಂದಿರುವ ಭಯ ನಿಜವಾದದ್ದು. ಆದರೆ ಯಾವ ಪಿಸ್ತೂಲು, ಎಷ್ಟು ತೂಕ, ಸೊಂಟದ ಯಾವ ಬದಿಗೆ ಎಂಬ ಪ್ರಶ್ನೆಗಳಿಗೆ ಮೊದಲು ಇನ್ನೊಂದು ಪ್ರಶ್ನೆಯಿದೆ: ನಮ್ಮ ಮೇಲೆ ಬರಬಹುದಾದ ಅಪಾಯ ಯಾವ ರೂಪದಲ್ಲಿ ಬರುತ್ತದೆ, ಆ ಗಳಿಗೆಯಲ್ಲಿ ಪಿಸ್ತೂಲಿಗೆ ಕೆಲಸ ಸಿಗುತ್ತದೆಯೇ? ಕಾನೂನು, ಆಯುಧದ ಸ್ವರೂಪ, ಹೊರದೇಶಗಳ ಅಧ್ಯಯನ ಇವುಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ, ಸೊಂಟದ ಪಿಸ್ತೂಲು ಕಾಪಾಡುವ ಸಂದರ್ಭ ಬಹಳ ಇಕ್ಕಟ್ಟಿನದು, ಅದು ತರುವ ಅಪಾಯ ಮಾತ್ರ ದಿನದ ಇಪ್ಪತ್ತನಾಲ್ಕು ತಾಸಿನದು ಎಂಬ ನಿರ್ಣಯಕ್ಕೆ ಬರಬೇಕಾಗುತ್ತದೆ.

ಈ ಮೂರು ಊರುಗಳಿಗೆ ಆಯುಧದ ನೆನಪು ಹೊಸದಲ್ಲ. ನಿಜಾಮನ ರಾಜ್ಯದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಗೂ, ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ ಅವು ಆಂಧ್ರದ ಕಡೆಗೆ ಹೋದವು. ಈಗ ಮೊದಲೆರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಕನ್ನಡ, ತೆಲುಗು, ಉರ್ದು, ಮರಾಠಿ ಕೂಡಿ ಬಾಳುವ ಈ ಸೀಮೆಯಲ್ಲಿ ನಿಜಾಮನ ಪರವಾಗಿದ್ದ ಸಶಸ್ತ್ರ ರಜಾಕಾರರ ಕಾಲದ ಕಥೆಗಳು ಇನ್ನೂ ಹಿರಿಯರ ಬಾಯಲ್ಲಿವೆ. ಬಸವಕಲ್ಯಾಣ ತಾಲೂಕಿನ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಈ ಭಾಗ ಮರೆತಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೊಲ್ಲಾಪುರದಿಂದ ಹೊರಟ ಭಾರತೀಯ ಸೇನೆಯ ತುಕಡಿಗಳು ಹೈದರಾಬಾದಿನತ್ತ ಸಾಗಿದ್ದು ಜಹೀರಾಬಾದಿನ ಹಾದಿಯಲ್ಲೇ. ಆಳುವವರು ಕೈಬಿಟ್ಟಾಗ ಕೈಯಲ್ಲೊಂದು ಆಯುಧ ಇರಲೇಬೇಕು ಎಂಬ ಮಾತು ಇಲ್ಲಿ ಪುಸ್ತಕದಿಂದ ಬಂದದ್ದಲ್ಲ, ಮನೆಮನೆಯ ಅನುಭವದಿಂದ ಬಂದದ್ದು. ಅದಕ್ಕೊಂದು ರಾಷ್ಟ್ರೀಯ ಹಿನ್ನೆಲೆಯೂ ಇದೆ. 1878ರ ಶಸ್ತ್ರ ಕಾಯ್ದೆಯಿಂದ ಬ್ರಿಟಿಷರು ಭಾರತೀಯರ ಕೈಯಿಂದ ಆಯುಧ ಕಿತ್ತುಕೊಂಡದ್ದು ಸ್ವಾತಂತ್ರ್ಯ ಹೋರಾಟಗಾರರಿಗೆ ಆಳವಾದ ಅವಮಾನವಾಗಿತ್ತು. 1931ರ ಕರಾಚಿ ಕಾಂಗ್ರೆಸ್ ಒಪ್ಪಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. 1948ರ ಡಿಸೆಂಬರಿನಲ್ಲಿ, ಹೈದರಾಬಾದ್ ಕಾರ್ಯಾಚರಣೆ ಮುಗಿದು ಮೂರು ತಿಂಗಳೂ ಆಗಿರದಾಗ, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್ ಅದೇ ಹಕ್ಕನ್ನು ಸಂವಿಧಾನಕ್ಕೆ ಸೇರಿಸಬೇಕೆಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಕೊನೆಗೆ ಸಂವಿಧಾನದ 19ನೇ ವಿಧಿಯಲ್ಲಿ ಉಳಿದದ್ದು ಶಾಂತಿಯಿಂದ, ನಿರಾಯುಧರಾಗಿ ಸಭೆ ಸೇರುವ ಹಕ್ಕು. ಆದರೆ ರಜಾಕಾರರ ಕಾಲದ, ಊರಿಗೆ ಊರೇ ಸುಡುವ ದಂಗೆಯ ಅನುಭವವನ್ನು ಇಂದಿನ ಬೈಕ್ ದರೋಡೆಗೆ ಅಳತೆಗೋಲು ಮಾಡಿಕೊಳ್ಳುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಅಂದು ಬೇಕಿದ್ದದ್ದು ಊರಿನ ಕೂಡು ಕಾವಲು, ಮತ್ತು ಕೊನೆಗೆ ಸೈನ್ಯ. ಒಬ್ಬೊಬ್ಬರ ಜೇಬಿನ ಪಿಸ್ತೂಲಿನಿಂದ ಅಂದೂ ಊರು ಉಳಿಯುತ್ತಿರಲಿಲ್ಲ.

ಇಂದಿನ ಕಾನೂನಿನಲ್ಲಿ ಬಂದೂಕು ಹಕ್ಕಲ್ಲ, ಸರ್ಕಾರ ಕೊಡುವ ಅನುಮತಿ. 1959ರ ಶಸ್ತ್ರ ಕಾಯ್ದೆ, 2016ರ ಶಸ್ತ್ರ ನಿಯಮಗಳು, 2019ರ ತಿದ್ದುಪಡಿ ಈ ಮೂರೂ ಸೇರಿ ಅದರ ಚೌಕಟ್ಟು. 21 ವರ್ಷ ತುಂಬಿರಬೇಕು. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ, ತೆಲಂಗಾಣದ ಮಾತಿನಲ್ಲಿ ಕಲೆಕ್ಟರಿಗೆ. ಠಾಣೆಯಿಂದ ವರದಿ ಬರಬೇಕು, ಆಯುಧವನ್ನು ಎಲ್ಲಿ ಹೇಗೆ ಭದ್ರವಾಗಿ ಇಡುತ್ತೀರಿ ಎಂದು ಬರೆದುಕೊಡಬೇಕು, ಸುರಕ್ಷತಾ ತರಬೇತಿ ಪಡೆದ ಪ್ರಮಾಣಪತ್ರ ಕೊಡಬೇಕು. ವೃತ್ತಿಯಿಂದಲೋ ಇರುವ ಜಾಗದಿಂದಲೋ ಪ್ರಾಣಕ್ಕೆ ಗಂಭೀರ ಬೆದರಿಕೆ ಇರುವವರ ಅರ್ಜಿಯನ್ನು ವಿಶೇಷವಾಗಿ ಪರಿಗಣಿಸಲು ನಿಯಮದಲ್ಲಿ ಅವಕಾಶವಿದೆ. ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ. ಇದನ್ನು ಬಡ ಅರ್ಜಿದಾರರು ತಿಳಿದಿರಬೇಕು, ಏಕೆಂದರೆ ಲೈಸೆನ್ಸ್ ಎಂಬುದು ದೊಡ್ಡವರ ಮನೆಯ ಗೋಡೆಯ ಅಲಂಕಾರ ಎಂಬ ಭಾವನೆ ನಮ್ಮಲ್ಲಿ ಬೇರುಬಿಟ್ಟಿದೆ. 2019ರ ತಿದ್ದುಪಡಿಯ ಬಳಿಕ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು, ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಪರವಾನಗಿಯಿಲ್ಲದೆ ಬಂದೂಕು ಹೊಂದಿದರೆ ಎರಡರಿಂದ ಐದು ವರ್ಷ ಸೆರೆ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಪಕ್ಕದವರ ಜೀವಕ್ಕೆ ಅಪಾಯ ತಂದರೂ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಗಡಿಯ ಜನಕ್ಕೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಬೇರೆಯೇ ಇದೆ. ಲೈಸೆನ್ಸಿನ ಮೇಲೆ ಅದು ಎಲ್ಲಿಯವರೆಗೆ ನಡೆಯುತ್ತದೆ ಎಂದು ಬರೆದಿರುತ್ತದೆ: ಇಂಥ ಜಿಲ್ಲೆ, ಇಂಥ ರಾಜ್ಯ, ಅಥವಾ ಇಡೀ ದೇಶ. ಹೈದರಾಬಾದಿನವನಿಗೆ ಇದು ದೊಡ್ಡ ತೊಡಕಲ್ಲ. ಆದರೆ ಜಹೀರಾಬಾದಿನವನ ಆಸ್ಪತ್ರೆ, ಬೀಗರ ಮನೆ, ಮಕ್ಕಳ ಕಾಲೇಜು ಬೀದರಿನಲ್ಲಿದ್ದರೆ, ತಾಂಡೂರಿನ ವ್ಯಾಪಾರಿಯ ಲೆಕ್ಕಪತ್ರ ಚಿಂಚೋಳಿ, ಸೇಡಂ ಕಡೆ ಹರಡಿದ್ದರೆ, ಅವನ ದಿನಚರಿಯೇ ರಾಜ್ಯದ ಗೆರೆ ದಾಟುತ್ತದೆ. ತೆಲಂಗಾಣಕ್ಕಷ್ಟೇ ಬರೆದ ಲೈಸೆನ್ಸ್ ಇಟ್ಟುಕೊಂಡು ಅದೇ ಸೊಂಟದ ಪಿಸ್ತೂಲಿನೊಂದಿಗೆ ಗಡಿ ದಾಟಿದವನು ಲೈಸೆನ್ಸಿನ ಷರತ್ತು ಮುರಿದಂತೆ. ದಿನಕ್ಕೆರಡು ಸಲ ಗಡಿ ದಾಟುವವನು ಪ್ರತಿ ಸಲವೂ ಆಯುಧವನ್ನು ಎಲ್ಲಿ ಬಿಟ್ಟು ಹೋಗಬೇಕು? ಅಂಗಡಿಯ ಗಲ್ಲೆಯಲ್ಲಿಯೇ, ಕಾರಿನ ಡ್ಯಾಶ್‌ಬೋರ್ಡಿನಲ್ಲಿಯೇ, ಹೆಂಡತಿಯ ಕೈಯಲ್ಲಿಯೇ? ಮೂರೂ ಅಪಾಯದ ಜಾಗಗಳೇ. ದಿನನಿತ್ಯದ ರಕ್ಷಣೆಗೆಂದು ಕೊಂಡ ಆಯುಧ ದಿನದ ಅರ್ಧ ಹೊತ್ತು ಒಡೆಯನಿಂದ ದೂರ, ಕಾವಲಿಲ್ಲದ ಕಡೆ ಬಿದ್ದಿರುವುದು ಈ ತಾಲೂಕುಗಳ ಭೂಗೋಳದಲ್ಲೇ ಬರೆದಿರುವ ಸಂಗತಿ. ಚುನಾವಣೆ ಘೋಷಣೆಯಾದಾಗಲಂತೂ ಅಧಿಕಾರಿಗಳು ಹೇಳಿದವರು ಅದನ್ನು ಠಾಣೆಗೆ ಒಪ್ಪಿಸಲೇಬೇಕು.

ಇಷ್ಟಾದ ಮೇಲೂ ನಿಜವಾದ, ಗುರುತಿಸಬಹುದಾದ ಬೆದರಿಕೆ ಇರುವವರು ಇದ್ದಾರೆ. ಅವರಿಗೆ ಆಯ್ಕೆಯ ಪ್ರಶ್ನೆ ಬರುತ್ತದೆ. ಅಮೆರಿಕದ ಪತ್ರಿಕೆಗಳಲ್ಲಿ ಕಾಣುವ ಒಂಬತ್ತು ಎಂಎಂನ ಸಣ್ಣ ಪಿಸ್ತೂಲುಗಳ ಲೋಕ ನಮ್ಮದಲ್ಲ. 9 ಎಂಎಂ ಇಲ್ಲಿ ಸಾಮಾನ್ಯ ನಾಗರಿಕನಿಗೆ ನಿಷಿದ್ಧ ಬೋರ್. ಹೊರದೇಶದ ಬಂದೂಕಿನ ಆಮದು ಸಾಮಾನ್ಯರಿಗೆ 1980ರ ದಶಕದಲ್ಲೇ ನಿಂತಿತು. ಉಳಿದದ್ದು ಮುಖ್ಯವಾಗಿ .32 ಬೋರಿನ ರಿವಾಲ್ವರ್ ಮತ್ತು ಪಿಸ್ತೂಲು, ಅದರ ಕೆಳಗೆ .22. ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ 2014ರ ಜನವರಿಯಲ್ಲಿ ಹೆಂಗಸರಿಗಾಗಿ ಎಂದು ಹೇಳಿ ಹೊರತಂದ 'ನಿರ್ಭೀಕ್' ಸುಮಾರು 500 ಗ್ರಾಂ ತೂಕದ ಆರು ಗುಂಡಿನ .32 ರಿವಾಲ್ವರ್. ಅಂದಿನ ಬೆಲೆ 1,22,360 ರೂಪಾಯಿ. ಆಮೇಲೆ ಬಂದ ಇಷಾಪುರ ರೈಫಲ್ ಫ್ಯಾಕ್ಟರಿಯ 'ನಿಡರ್' .22 ಬೋರಿನದು, ತೂಕ ಸುಮಾರು 250 ಗ್ರಾಂ. 2021ರ ಅಕ್ಟೋಬರಿನಲ್ಲಿ ಆರ್ಡ್ನೆನ್ಸ್ ಕಾರ್ಖಾನೆಗಳು ಏಳು ಕಂಪನಿಗಳಾಗಿ ಒಡೆದ ಬಳಿಕ ಕಾನ್ಪುರದ ಸರ್ಕಾರಿ ಕಂಪನಿ 2023ರಲ್ಲಿ 'ಪ್ರಬಲ್' ಎಂಬ .32 ರಿವಾಲ್ವರ್ ತಂದಿತು. ಅದರ ಗುಂಡಿನ ಉರುಳೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಹಾಗಾಗಿ ಹಿಂದಿನವಕ್ಕಿಂತ ತುಂಬುವುದು ಸುಲಭ. ಉತ್ತರ ಪ್ರದೇಶದ ಹರದೋಯಿ ಜಿಲ್ಲೆಯಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರುಗಳೂ ತಯಾರಾಗುತ್ತಿವೆ. ಇವುಗಳಲ್ಲಿ ಆರಿಸಬೇಕಾದವರಿಗೆ ಹಗುರವಾದದ್ದೇ ಒಳ್ಳೆಯದು ಎಂಬ ಭ್ರಮೆ ಬೇಡ. ತೂಕ ಕಡಿಮೆಯಾದಷ್ಟೂ, ನಳಿಕೆ ಗಿಡ್ಡವಾದಷ್ಟೂ ಕೈಯಲ್ಲಿ ಜಿಗಿತ ಹೆಚ್ಚು, ಗುರಿ ಕಷ್ಟ. ಬಚ್ಚಿಡಲು ಸುಲಭವಾದ ಆಯುಧ ಹೊಡೆಯಲು ಕಠಿಣ, ಹೊಡೆಯಲು ಸುಲಭವಾದದ್ದು ಬಚ್ಚಿಡಲು ಕಠಿಣ. ಪಿಸ್ತೂಲು ತೆಳ್ಳಗಿರುತ್ತದೆ, ಬಟ್ಟೆಯಡಿ ಉಬ್ಬುವುದಿಲ್ಲ. ಆದರೆ ಗುಂಡು ಸಿಕ್ಕಿಹಾಕಿಕೊಂಡರೆ ಎರಡೂ ಕೈ ಹಚ್ಚಿ ಬಿಡಿಸಬೇಕು, ಮ್ಯಾಗಜಿನ್ ತೆಗೆದ ಮೇಲೂ ನಳಿಕೆಯಲ್ಲಿ ಒಂದು ಗುಂಡು ಉಳಿದಿರಬಹುದು. ಮನೆಗಳಲ್ಲಿ ಆಗುವ ಎಷ್ಟೋ ಅವಘಡಗಳ ಮೂಲ ಆ ಮರೆತುಹೋದ ಒಂದು ಗುಂಡು. ರಿವಾಲ್ವರಿನಲ್ಲಿ ಒಂದು ತೋಟಾ ಸಿಡಿಯದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಮುಂದಿನದು ಬರುತ್ತದೆ, ಖಾಲಿಯಿದೆಯೋ ತುಂಬಿದೆಯೋ ಕಣ್ಣಿಗೆ ಕಾಣುತ್ತದೆ. ಅಪರೂಪಕ್ಕೆ ಅಭ್ಯಾಸ ಮಾಡುವ ವ್ಯಾಪಾರಿಗೆ, ಎರಡರಲ್ಲಿ ಒಂದನ್ನು ಕೊಳ್ಳಲೇಬೇಕೆಂದಾದರೆ, ಸುಮಾರು 700 ಗ್ರಾಂ ತೂಗುವ ಸರಳ ರಿವಾಲ್ವರೇ ಉತ್ತಮ ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಹೊತ್ತುಕೊಂಡು ಹೋಗುವ ಸಲಕರಣೆಯ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ, ಆದರೆ ಅವಘಡಗಳು ಹುಟ್ಟುವುದು ಅಲ್ಲಿಯೇ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್ಸ್ಟರಿನಲ್ಲೋ ಅದಕ್ಕೆ ತಕ್ಕ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಹೊತ್ತವನ ಹಿಡಿತದಲ್ಲಿರಬೇಕು. ತೆರೆದು ತೋರಿಸುವುದು, ಝಳಪಿಸುವುದು ನಿಷಿದ್ಧ. ಅಂಗಿಯ ಮೇಲೆ ಬೆಲ್ಟ್ ಕಟ್ಟಿ ನಾಲ್ಕು ಜನಕ್ಕೆ ಕಾಣುವಂತೆ ಓಡಾಡುವ ನಮ್ಮ ಕೆಲವು ಮುಖಂಡರ ಶೈಲಿ ಲೈಸೆನ್ಸ್ ಕಳೆದುಕೊಳ್ಳುವ ದಾರಿ. ಒಳ್ಳೆಯ ಹೋಲ್ಸ್ಟರಿನ ಮೊದಲ ಲಕ್ಷಣ ಟ್ರಿಗರಿನ ಸುತ್ತಲ ಭಾಗ ಗಟ್ಟಿಯಾಗಿ ಮುಚ್ಚಿರುವುದು. ಬೆರಳಾಗಲಿ, ಅಂಗಿಯ ತುದಿಯಾಗಲಿ, ಕೀಲಿಯ ಗೊಂಚಲಾಗಲಿ ಒಳಗೆ ಹೋಗಬಾರದು. ಬೀಳದಂತೆ ಹಿಡಿಯಬೇಕು, ಆದರೆ ಎಳೆದಾಗ ಒಂದೇ ಸಲಕ್ಕೆ ಬರಬೇಕು. ಬೆಲ್ಟ್ ಮಡಚಿಕೊಳ್ಳದಷ್ಟು ಬಿಗಿಯಾಗಿರಬೇಕು. ಹಾಗಾಗಿ ಧೋತರ, ಲುಂಗಿ ಉಡುವವರಿಗೆ ಇದರ ಪೈಕಿ ಯಾವುದೂ ಹೊಂದುವುದಿಲ್ಲ. ಬೈಕ್ ಓಡಿಸುವಾಗ ಕೂತ ಭಂಗಿಯಲ್ಲಿ ಸೊಂಟದ ಮುಂಭಾಗದ ಆಯುಧ ತೊಡೆಯತ್ತ ಮುಖ ಮಾಡುತ್ತದೆ, ಎರಡೂ ಕೈ ಹ್ಯಾಂಡಲಿನ ಮೇಲಿರುತ್ತವೆ, ಅಂಗಿ ಗಾಳಿಗೆ ಹಾರಿ ಮುಚ್ಚಿದ್ದೂ ತೆರೆಯುತ್ತದೆ. ಹೆಂಗಸರ ಕೈಚೀಲ ಕಳ್ಳನ ಮೊದಲ ಗುರಿ. ಅದರಲ್ಲಿಟ್ಟ ಆಯುಧ ಚೀಲದ ಜೊತೆಗೇ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನ ಬೆವರಿಗೆ ಚರ್ಮದ ಹೋಲ್ಸ್ಟರಿನೊಳಗಿನ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಇಷ್ಟೆಲ್ಲ ಎಚ್ಚರ ದಿನಾ ಬೆಳಿಗ್ಗೆ ತೊಟ್ಟು ರಾತ್ರಿ ಕಳಚಿಡುವ ಶಿಸ್ತು. ಹತ್ತು ವರ್ಷದಲ್ಲಿ ಒಂದು ದಿನ ತಪ್ಪಿದರೂ ಅದರ ಬೆಲೆ ಒಂದು ಜೀವವಾಗಬಹುದು.

ಇನ್ನು ಆಯುಧ ಕೈಗೆ ಬರುವ ಗಳಿಗೆಯ ಲೆಕ್ಕ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಲೇಖನ ಬರೆದರು. ಸುಮಾರು 21 ಅಡಿ ದೂರದಿಂದ ಚಾಕು ಹಿಡಿದು ಓಡಿಬರುವವನು ಒಂದೂವರೆ ಸೆಕೆಂಡಿನಲ್ಲಿ ಮೈಮೇಲೆ ಬೀಳುತ್ತಾನೆ, ಪಳಗಿದ ಪೊಲೀಸನಿಗೂ ಪಿಸ್ತೂಲು ಎಳೆದು ಹಾರಿಸಲು ಹೆಚ್ಚೂಕಡಿಮೆ ಅಷ್ಟೇ ಹೊತ್ತು ಬೇಕು ಎಂಬುದು ಅವರು ಕಂಡುಕೊಂಡದ್ದು. ನಮ್ಮ ಅಂಗಡಿ ಬಾಗಿಲು, ಬಸ್ ನಿಲ್ದಾಣ, ಓಣಿಗಳಲ್ಲಿ 21 ಅಡಿ ಅಂತರ ಸಿಗುವುದೇ ಅಪರೂಪ. ನ್ಯೂಯಾರ್ಕ್ ಪೊಲೀಸರ ಬಗ್ಗೆ ರ‍್ಯಾಂಡ್ ಸಂಸ್ಥೆ 2008ರಲ್ಲಿ ಕೊಟ್ಟ ವರದಿ ಇನ್ನಷ್ಟು ಕಣ್ತೆರೆಸುವಂಥದ್ದು: 1998ರಿಂದ 2006ರವರೆಗೆ ಎರಡೂ ಕಡೆಯಿಂದ ಗುಂಡು ಹಾರಿದ ಪ್ರಸಂಗಗಳಲ್ಲಿ ಅವರ ಗುಂಡು ಗುರಿ ತಾಗಿದ್ದು ಸರಾಸರಿ ಶೇಕಡ 18. ವೃತ್ತಿಯೇ ಅದಾದವರ ಗತಿ ಹೀಗಿರುವಾಗ, ವರ್ಷಕ್ಕೆ ನಾಲ್ಕಾರು ಸುತ್ತು ಹಾರಿಸಿ ಬರುವ ವ್ಯಾಪಾರಿಯ ಉಳಿದ ಗುಂಡುಗಳು ಎಲ್ಲಿಗೆ ಹೋಗುತ್ತವೆ? ವಾರದ ಸಂತೆಯಲ್ಲಿ ಹಾರಿದ ಗುಂಡಿಗೆ ತರಕಾರಿಯ ಗಾಡಿ, ಶಾಲೆ ಬಿಟ್ಟ ಮಕ್ಕಳು ಎಂಬ ಭೇದವಿಲ್ಲ. ಬೀದರಿನ ದರೋಡೆಕೋರರು ಜಾಗ, ಹೊತ್ತು, ಮೊದಲ ಗುಂಡು ಮೂರನ್ನೂ ತಾವೇ ಆರಿಸಿಕೊಂಡಿದ್ದರು, ಕಣ್ಣಿಗೆ ಖಾರದ ಪುಡಿ ಎರಚಿದ್ದರೆಂದೂ ವರದಿಯಾಯಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರ ಮನೆಗೆ ಬಂದವರು ಬಾಗಿಲು ತೆಗೆಸಿ ಎದುರಿಗೇ ಹೊಡೆದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಅವರ ಮನೆಯ ಮುಂದೆಯೇ ಕೊಂದರು. ಇಬ್ಬರನ್ನೂ ಬಲಿ ತೆಗೆದುಕೊಂಡದ್ದು 7.65 ಎಂಎಂನ ನಾಡ ಪಿಸ್ತೂಲು. ಸಂಚು ಮಾಡಿ ಬಂದ ಕೊಲೆಗಡುಕನ ಎದುರು, ಏನೂ ಅರಿಯದೆ ಬಾಗಿಲು ತೆಗೆಯುವವರ ಮೇಜಿನ ಖಾನೆಯಲ್ಲಿರುವ ರಿವಾಲ್ವರ್ ಏನು ಮಾಡೀತು?

ಪಿಸ್ತೂಲು ಹೊರಗಿನ ಶತ್ರುವಿಗಿಂತ ಮನೆಯೊಳಗಿನವರಿಗೆ ಹೆಚ್ಚು ಅಪಾಯಕಾರಿ ಎಂಬುದಕ್ಕೆ ನಾಲ್ಕು ದಶಕಗಳ ಅಧ್ಯಯನಗಳಿವೆ. ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ 1978ರಿಂದ 1983ರವರೆಗೆ ಬಂದೂಕು ಇದ್ದ ಮನೆಗಳಲ್ಲೇ ಸಂಭವಿಸಿದ ಗುಂಡೇಟಿನ ಸಾವುಗಳನ್ನು ಆರ್ಥರ್ ಕೆಲ್ಲರ್‌ಮನ್ ಮತ್ತು ಸಹೋದ್ಯೋಗಿ ಲೆಕ್ಕ ಹಾಕಿ 1986ರಲ್ಲಿ ಪ್ರಕಟಿಸಿದರು. ಆತ್ಮರಕ್ಷಣೆಯಲ್ಲಿ ಒಬ್ಬ ಸತ್ತರೆ, ಅದಕ್ಕೆ ಎದುರಾಗಿ 37 ಆತ್ಮಹತ್ಯೆ, 4.6 ಕೊಲೆ, 1.3 ಆಕಸ್ಮಿಕ ಸಾವು. ಹೆದರಿ ಓಡಿಹೋದ ಕಳ್ಳರನ್ನು ಇದು ಎಣಿಸುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ಕೊರತೆಯನ್ನು ತುಂಬಲು ಹೊರಟ ಗ್ಯಾರಿ ಕ್ಲೆಕ್ 1995ರಲ್ಲಿ, ಅಮೆರಿಕನ್ನರು ವರ್ಷಕ್ಕೆ 25 ಲಕ್ಷ ಸಲ ಬಂದೂಕಿನಿಂದ ಆತ್ಮರಕ್ಷಣೆ ಮಾಡಿಕೊಳ್ಳುತ್ತಾರೆ ಎಂದು ದೂರವಾಣಿ ಸಮೀಕ್ಷೆಯ ಆಧಾರದಲ್ಲಿ ಅಂದಾಜಿಸಿದರು. ಆದರೆ ಅಲ್ಲಿನ ಸರ್ಕಾರವೇ ನಡೆಸುವ ಅಪರಾಧ ಸಮೀಕ್ಷೆಯ 2007ರಿಂದ 2011ರ ದಾಖಲೆಯಲ್ಲಿ, ಆರೋಪಿ ಮತ್ತು ಬಲಿಪಶು ಎದುರುಬದುರಾದ 14,000ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಬಂದೂಕು ಬಳಸಿ ರಕ್ಷಿಸಿಕೊಂಡವರು 127 ಮಂದಿ, ಅಂದರೆ ಶೇಕಡ ಒಂದಕ್ಕೂ ಕಡಿಮೆ ಎಂದು ಡೇವಿಡ್ ಹೆಮೆನ್‌ವೇ ಮತ್ತು ಸಾರಾ ಸೋಲ್ನಿಕ್ 2015ರಲ್ಲಿ ತೋರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ನಡೆದ, 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಕೈಬಂದೂಕು ಇಲ್ಲದ ಗಂಡಸರಿಗಿಂತ ಇರುವ ಗಂಡಸರಲ್ಲಿ ಆತ್ಮಹತ್ಯೆಯ ಪ್ರಮಾಣ ಮೂರು ಪಟ್ಟಿಗೂ ಮೀರಿತ್ತು, ಹೆಂಗಸರಲ್ಲಿ ಏಳು ಪಟ್ಟು. ಅದೇ ತಂಡದ 2022ರ ಇನ್ನೊಂದು ಅಧ್ಯಯನದಲ್ಲಿ, ಕೈಬಂದೂಕು ಹೊಂದಿದವರ ಜೊತೆ ಒಂದೇ ಮನೆಯಲ್ಲಿ ಬಾಳುವವರು ಕೊಲೆಯಾಗುವ ಪ್ರಮಾಣ ಉಳಿದವರಿಗಿಂತ ಎರಡು ಪಟ್ಟಿಗೂ ಮೀರಿತ್ತು.

ಅಮೆರಿಕದ ಅಂಕಿ ನಮಗೆ ಹೇಗೆ ಹೊಂದುತ್ತದೆ ಎಂದು ಕೇಳಬಹುದು. ಪ್ರಮಾಣ ಹೊಂದದಿರಬಹುದು, ಕಾರಣ ಹೊಂದುತ್ತದೆ. ಸಾಯುವ ಮನಸ್ಸು ಬಂದ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದು ಸಾವು ಬದುಕನ್ನು ನಿರ್ಧರಿಸುತ್ತದೆ ಎಂಬುದನ್ನು ನಮ್ಮ ತೊಗರಿ, ಹತ್ತಿ ಸೀಮೆಗಿಂತ ಚೆನ್ನಾಗಿ ಯಾರು ಬಲ್ಲರು? ಇಲ್ಲಿ ಆ ಕೆಲಸ ಮಾಡುತ್ತಿರುವುದು ಕೀಟನಾಶಕದ ಡಬ್ಬಿ. ಶ್ರೀಲಂಕಾ 1990ರ ದಶಕದಲ್ಲಿ ಅತಿ ವಿಷಕಾರಿ ಕೀಟನಾಶಕಗಳ ಮೇಲೆ ನಿರ್ಬಂಧ ಹಾಕಿದ ಮೇಲೆ, 1996ರಿಂದ 2005ರ ನಡುವೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು. ಜನರ ದುಃಖ ಅರ್ಧವಾಗಿರಲಿಲ್ಲ. ಸುಲಭದ ಸಾಧನ ಕೈಯಿಂದ ದೂರವಾಗಿತ್ತು. ಪಿಸ್ತೂಲು ವಿಷದ ಡಬ್ಬಿಗಿಂತ ಹತ್ತಿರದ, ಹಿಂದೆ ಸರಿಯಲು ಆಸ್ಪದವೇ ಕೊಡದ ಸಾಧನ. ಕೊಲೆಗಳ ವಿಷಯದಲ್ಲೂ ಹೀಗೆಯೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರ್ಷವರ್ಷ ಪಟ್ಟಿ ಮಾಡುವ ಕೊಲೆಯ ಕಾರಣಗಳಲ್ಲಿ ಮೇಲಿರುವುದು ಜಗಳ, ಹಳೆಯ ದ್ವೇಷ. ಜಹೀರಾಬಾದಿನ ಸುತ್ತ ಕೈಗಾರಿಕಾ ವಲಯಕ್ಕೆಂದು ಭೂಮಿ ಹೋಗುತ್ತಿದೆ, 2024ರ ಆಗಸ್ಟಿನಲ್ಲಿ ಕೇಂದ್ರ ಮಂಜೂರು ಮಾಡಿದ ಹನ್ನೆರಡು ಕೈಗಾರಿಕಾ ನಗರಗಳಲ್ಲಿ ಅದೂ ಒಂದು. ಬೆಲೆ ಏರಿದ ಭೂಮಿಯ ಬದುವಿನ ಮೇಲೆ ಅಣ್ಣತಮ್ಮಂದಿರು ಎದುರುಬದುರು ನಿಂತಾಗ ಕೈಯಲ್ಲಿ ಬಡಿಗೆ ಇದ್ದರೆ ಆಸ್ಪತ್ರೆ, ಪಿಸ್ತೂಲು ಇದ್ದರೆ ಮಸಣ.

ಹೆಂಗಸರ ರಕ್ಷಣೆಯ ವಾದ ಎಲ್ಲಕ್ಕಿಂತ ಗಂಭೀರವಾದದ್ದು. 2019ರ ನವೆಂಬರಿನಲ್ಲಿ ಶಂಶಾಬಾದ್ ಬಳಿ ಯುವ ಪಶುವೈದ್ಯೆಯ ಮೇಲೆ ನಡೆದ ಅತ್ಯಾಚಾರ, ಕೊಲೆಯ ನಂತರ ತೆಲಂಗಾಣದ ತಂದೆತಾಯಂದಿರಿಗೆ ನಿದ್ದೆ ಬರಲಿಲ್ಲ. ಹೆಣ್ಣುಮಕ್ಕಳ ಕೈಗೆ ಆಯುಧ ಕೊಡಿ ಎಂಬ ಕೂಗು ಎದ್ದದ್ದು ಸಂಕಟದಿಂದ. ಆದರೆ ಬ್ಯೂರೋದ ಅಂಕಿಅಂಶದ ಪ್ರಕಾರ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಆರೋಪಿಗಳು ಬಲಿಯಾದವಳಿಗೆ ಪರಿಚಿತರೇ, ಹೆಂಗಸರ ಮೇಲಿನ ಅಪರಾಧಗಳಲ್ಲಿ ದೊಡ್ಡ ಪಾಲು ಗಂಡ ಮತ್ತು ಅವನ ಕಡೆಯವರ ಕ್ರೌರ್ಯ. ಅಲ್ಲಿ ಆಯುಧದ ಬೀಗದ ಕೈ ಯಾರ ಬಳಿ ಇರುತ್ತದೆ? ಲಕ್ಷ ರೂಪಾಯಿ ಕೊಟ್ಟು ಕೊಂಡ ರಿವಾಲ್ವರ್ ಮನೆಯ ಯಜಮಾನನ ಕಪಾಟಿನಲ್ಲಿರುತ್ತದೆ, ಹೊಡೆಸಿಕೊಳ್ಳುವವಳ ಕೈಯಲ್ಲಿ ಇರುವುದಿಲ್ಲ. ಪೆಪ್ಪರ್ ಸ್ಪ್ರೇ ಇದಕ್ಕಿಂತ ಎಷ್ಟೋ ಮೇಲು. ಶಂಶಾಬಾದಿನ ಘಟನೆಯ ಬೆನ್ನಲ್ಲೇ ಹೈದರಾಬಾದ್ ಮೆಟ್ರೋ ಮತ್ತು ಬೆಂಗಳೂರಿನ ನಮ್ಮ ಮೆಟ್ರೋ ಎರಡೂ ಅದನ್ನು ಒಯ್ಯಲು ಒಪ್ಪಿದವು. ಅದೂ ಆಟಿಕೆಯಲ್ಲ. ಜೀವಕ್ಕೆ ತಕ್ಷಣದ ಬೆದರಿಕೆ ಇಲ್ಲದಾಗ ಬಳಸಿದರೆ ಅದನ್ನು ಅಪಾಯಕಾರಿ ಆಯುಧವೆಂದೇ ನೋಡಬಹುದು ಎಂದು ಕರ್ನಾಟಕ ಹೈಕೋರ್ಟ್ 2024ರಲ್ಲಿ ಒಂದು ಪ್ರಕರಣವನ್ನು ರದ್ದುಮಾಡಲು ನಿರಾಕರಿಸಿ ಹೇಳಿದೆ.

ಕೊಡಗನ್ನು ತೋರಿಸುವವರೂ ಇದ್ದಾರೆ. ಬ್ರಿಟಿಷರ ಕಾಲದಿಂದ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿಯಿದೆ, ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅಲ್ಲಿ ಕೋವಿ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಮನೆಯ ವಸ್ತು, ಮಕ್ಕಳು ಹಿರಿಯರ ಕಣ್ಣೆದುರೇ ಅದನ್ನು ಮುಟ್ಟುವ ರೀತಿ ಕಲಿಯುತ್ತಾರೆ. ತಲೆಮಾರುಗಳ ಆ ಸಂಸ್ಕಾರವನ್ನು ಒಂದು ದಿನದ ತರಬೇತಿ ಪ್ರಮಾಣಪತ್ರದಿಂದ ತಾಂಡೂರಿಗೆ ತರಲಾಗದು. ಅದೂ ಅಲ್ಲದೆ ತೋಟದ ಉದ್ದ ಕೋವಿ ಬೇರೆ, ಸಂತೆಗೆ ಹೊರಟವನ ಅಂಗಿಯಡಿಯ ಪಿಸ್ತೂಲು ಬೇರೆ.

ಪೊಲೀಸರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ನಾರಾಯಣಖೇಡದ ಹಳ್ಳಿಗಳಲ್ಲಿ, ತೋಟದ ಒಂಟಿ ಮನೆಗಳಲ್ಲಿ ಇದು ದಿಟವಾದ ಆತಂಕ. ಕಾನೂನು ಕೂಡ ಅದನ್ನು ಬಲ್ಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಕೊಡುತ್ತವೆ. ಸಾವು, ಭೀಕರ ಗಾಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಭಯ ಎದುರಾದಾಗ ದಾಳಿಕೋರನ ಜೀವ ಹೋದರೂ ಅದು ಅಪರಾಧವಲ್ಲ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕನ್ನು ಉದಾರವಾಗಿಯೇ ಅರ್ಥೈಸಿತು, ಎದುರಿಗಿರುವ ಭಯವನ್ನು ಚಿನ್ನದ ತಕ್ಕಡಿಯಲ್ಲಿ ತೂಗಲಾಗದು ಎಂಬ ನಿಲುವನ್ನು ಒಪ್ಪಿತು. ಆದರೆ ಸಂಹಿತೆಯ 37ನೇ ಕಲಮು ಎರಡು ಕಟ್ಟು ಹಾಕುತ್ತದೆ: ಸರ್ಕಾರಿ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ, ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಗುಂಡು ಹಾರಿಸಿದವನು ನಿರಪರಾಧಿಯೇ ಆಗಿದ್ದರೂ ಮೊದಲು ಎಫ್‌ಐಆರ್, ಆಯುಧದ ಜಪ್ತಿ, ಬಂಧನ, ವರ್ಷಗಟ್ಟಲೆ ಕೋರ್ಟು. ಹೆದರಿ ಓಡುತ್ತಿದ್ದ ಕಳ್ಳನ ಬೆನ್ನಿಗೆ ಹೊಡೆದವನಿಗೆ ಈ ಹಕ್ಕು ಒದಗುವುದು ಕಷ್ಟ. ದೂರದ ಹಳ್ಳಿಯವನಿಗೆ ಇದೇನೂ ಉತ್ತರವಲ್ಲ ಎಂದರೆ, ಅವನಿಗೆ ಬೇಕಾದದ್ದು ಮನೆಯ ಗಟ್ಟಿ ಬಾಗಿಲು, ಅಂಗಳದ ದೀಪ, ನಾಯಿ, ನೆರೆಯವರೊಂದಿಗೆ ಫೋನಿನ ಗುಂಪು, ಮತ್ತು 112ಕ್ಕೆ ಬೇಗ ಓಗೊಡುವ ಠಾಣೆ. ಕೊನೆಯದನ್ನು ಸರ್ಕಾರದಿಂದ ಬಡಿದಾಡಿ ಪಡೆಯಬೇಕು.

ಹಣ ಸಾಗಿಸುವವರ ವಿಷಯದಲ್ಲಂತೂ ಪಿಸ್ತೂಲಿಗಿಂತ ಫಲ ಕೊಡುವ ಕ್ರಮಗಳು ಕಣ್ಣೆದುರೇ ಇವೆ. ಎಟಿಎಂ ಹಣದ ವ್ಯಾನುಗಳಿಗೆ 2018ರಲ್ಲಿ ಕೇಂದ್ರ ಮಾಡಿದ ನಿಯಮಗಳು ಮುಖ್ಯವಾಗಿ ಒತ್ತಿ ಹೇಳುವುದು ಹೊತ್ತು, ದಾರಿ, ಸಿಬ್ಬಂದಿಯ ಸಂಖ್ಯೆಯ ಶಿಸ್ತನ್ನು: ಹಳ್ಳಿಗಾಡಿನಲ್ಲಿ ಸಂಜೆ ಆರರ ನಂತರ, ನಗರದಲ್ಲಿ ರಾತ್ರಿ ಒಂಬತ್ತರ ನಂತರ ಹಣ ತುಂಬುವಂತಿಲ್ಲ, ತರಬೇತಿ ಪಡೆದ ಇಬ್ಬರು ಸಶಸ್ತ್ರ ಕಾವಲುಗಾರರು ಜೊತೆಗಿರಬೇಕು. ಅಡತಿ ಅಂಗಡಿಯವರಿಗೂ ಇದೇ ಪಾಠ. ರೈತರಿಗೆ ಕೊಡುವ ಹಣವನ್ನು ಬ್ಯಾಂಕ್ ಖಾತೆಗೆ ಹಾಕಿ. ನಗದು ಒಯ್ಯಲೇಬೇಕಾದರೆ ಒಬ್ಬರೇ ಹೋಗಬೇಡಿ, ದಿನಾ ಒಂದೇ ಹೊತ್ತು ಒಂದೇ ದಾರಿ ಹಿಡಿಯಬೇಡಿ. ವ್ಯಾಪಾರಿ ಸಂಘಗಳು ತೆಲಂಗಾಣ ಪೊಲೀಸರ 'ನೇನು ಸೈತಂ' ಯೋಜನೆಯಡಿ ಮಾರುಕಟ್ಟೆಯ ಹಾದಿಗಳಲ್ಲಿ ಕ್ಯಾಮೆರಾ ಹಾಕಿಸಲಿ. ಬೀದರ್, ಕಲಬುರಗಿ, ಸಂಗಾರೆಡ್ಡಿ, ವಿಕಾರಾಬಾದ್ ನಾಲ್ಕೂ ಜಿಲ್ಲೆಯ ಪೊಲೀಸರು ಗಡಿಯ ರಸ್ತೆಗಳಿಗೆ ಒಂದೇ ವೈರ್‌ಲೆಸ್ ಕೊಂಡಿ ಇಟ್ಟುಕೊಳ್ಳಬೇಕೆಂದು ಜನಪ್ರತಿನಿಧಿಗಳ ಮೇಲೆ ಒತ್ತಡ ಹಾಕಲಿ. ದರೋಡೆ ಮಾಡಿದವನಿಗೆ ರಾಜ್ಯದ ಗಡಿಯೇ ದೊಡ್ಡ ಅನುಕೂಲ, ಅದನ್ನು ಅವನಿಂದ ಕಿತ್ತುಕೊಳ್ಳುವುದು ನೂರು ಲೈಸೆನ್ಸಿಗಿಂತ ಹೆಚ್ಚು ಜನರನ್ನು ಕಾಯುತ್ತದೆ.

ಹೆಸರಿಟ್ಟು ಬೆದರಿಕೆ ಬಂದಿರುವ, ಪೊಲೀಸ್ ದೂರು ದಾಖಲಾಗಿರುವ ಕೆಲವರಿಗೆ ಮಾತ್ರ ಲೈಸೆನ್ಸ್ ಅರ್ಜಿ ನ್ಯಾಯವಾದದ್ದು. ಅವರು ಗಡಿಯಾಚೆ ಓಡಾಡುವವರಾದರೆ ವ್ಯಾಪ್ತಿಯನ್ನು ಅರ್ಜಿಯಲ್ಲೇ ಕೇಳಲಿ, ಟ್ರಿಗರ್ ಮುಚ್ಚುವ ಹೋಲ್ಸ್ಟರ್ ಮತ್ತು ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯನ್ನು ಆಯುಧಕ್ಕಿಂತ ಮೊದಲು ಕೊಳ್ಳಲಿ, ಅಭ್ಯಾಸಕ್ಕೆ ಸಮಯ ಮೀಸಲಿಡಲಿ. ಮನೆಯಲ್ಲಿ ಕುಡಿತ, ಖಿನ್ನತೆ, ಆಸ್ತಿಯ ಜಗಳ ಇವುಗಳಲ್ಲಿ ಒಂದಿದ್ದರೂ ಅರ್ಜಿ ಹಾಕಬೇಡಿ. ಈಗಾಗಲೇ ಲೈಸೆನ್ಸ್ ಇದ್ದು ಬೆದರಿಕೆ ಕಳೆದಿದ್ದರೆ, ಅಥವಾ ತೀರಿಕೊಂಡ ತಂದೆಯ ಹೆಸರಿನ ರಿವಾಲ್ವರ್ ಕಪಾಟಿನಲ್ಲಿ ಉಳಿದಿದ್ದರೆ, ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ವ್ಯಾಪಾರಿಯ ಬಳಿಯೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ.